ಕಾಳಮ್ಮನ ಹೆಸರು ಕಾವೇರಮ್ಮನಿಗಿಂತ ಮೊದಲು ಬಂದದ್ದು ಹೇಗೆ?

ಮಾನ್ಯ ಸಂಪಾದಕರೇ,

ನಾನು ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ 19 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ವಾರ್ಷಿಕ ಮಹಾಸಭೆಗೆಂದು ಸದಸ್ಯರ ಪಟ್ಟಿಯನ್ನು ಮೊದಲ ಸಲ ಕಂಪ್ಯೂಟರಿನಲ್ಲೇ ಅಕಾರಾದಿಯಾಗಿ ಜೋಡಿಸಿ, ಮುದ್ರಿಸಿ, ಸಭಾಂಗಣದ ಬಾಗಿಲಲ್ಲಿ ಮೇಜು ಹಾಕಿಕೊಂಡು ಹಾಜರಿ ಸಹಿ ಪಡೆಯಲು ಕುಳಿತೆವು. ಹತ್ತು ಗಂಟೆಯ ಹೊತ್ತಿಗೆ ಒಬ್ಬ ಹಿರಿಯ ಸದಸ್ಯೆ ಬಂದರು. ಅವರನ್ನು ಕಾಳಮ್ಮನವರು ಎಂದಿಟ್ಟುಕೊಳ್ಳೋಣ. ಪಟ್ಟಿ ಹಿಡಿದಿದ್ದ ನಮ್ಮ ಅಟೆಂಡರ್ ಹಳೆಯ ಶಾಲೆಯಲ್ಲಿ ಕಲಿತವರಾದ್ದರಿಂದ ವರ್ಣಮಾಲೆಯ ಕೊನೆಯ ಅಕ್ಷರ ಳ ಎಂಬುದನ್ನು ಮರೆತವರಲ್ಲ. ಕಾವೇರಮ್ಮ ಆಯಿತು, ಕಾಶಿನಾಥ ಆಯಿತು, ಕಾಳಮ್ಮ ಬರಬೇಕಾದ ಜಾಗದಲ್ಲಿ ಕಿಟ್ಟಪ್ಪ ಕುಳಿತಿದ್ದರು. ‘ಹೆಸರಿಲ್ಲ ಕಣಮ್ಮ’ ಎಂದು ಅವರು ಹೇಳಿದ್ದೇ ತಡ, ‘ಷೇರು ಕಟ್ಟಿ ಇಪ್ಪತ್ತು ವರ್ಷ ಆಯ್ತಲ್ಲಪ್ಪಾ, ಈಗ ಹೆಸರು ತೆಗೆದುಬಿಟ್ರಾ?’ ಎಂದು ಆಕೆ ಕೇಳಿದರು. ಅವರ ಹಿಂದೆ ನಿಂತಿದ್ದವರು ದನಿಗೂಡಿಸಿದರು. ಆಡಳಿತ ಮಂಡಳಿಯ ಚುನಾವಣೆ ಹತ್ತಿರವಿದ್ದ ಕಾಲ. ಹೆಸರು ಕೈಬಿಟ್ಟಿದ್ದಾರೆಂಬ ಮಾತು ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಕಾಳಪ್ಪ, ಕಾಳಮ್ಮ, ಕಾಳೇಗೌಡ ಮೂವರೂ ಹಿಂದಿನ ಹಾಳೆಯ ತಳದಲ್ಲಿ, ಕಾವೇರಮ್ಮನವರಿಗಿಂತ ಮೊದಲೇ ಸಿಕ್ಕಿದರು.

ತಪ್ಪು ಯಾರದೆಂದು ಆಮೇಲೆ ವಿಚಾರಿಸುತ್ತ ಹೋದಾಗ ತಿಳಿದ ಸಂಗತಿ ಸ್ವಾರಸ್ಯಕರವಾಗಿದೆ. ಭಾರತೀಯ ಲಿಪಿಗಳನ್ನು ಗಣಕಕ್ಕೆ ಅಳವಡಿಸಲು 1988ರಲ್ಲಿ ಸಿದ್ಧವಾಗಿ, 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕವಾದ ಇಸ್ಕಿ ಎಂಬ ಸಂಕೇತ ಪದ್ಧತಿಯಲ್ಲಿ ಎಲ್ಲ ಲಿಪಿಗಳಿಗೂ ಒಂದೇ ಅಚ್ಚು ಬಳಸಲಾಯಿತು. ಒಂದು ಲಿಪಿಯಿಂದ ಇನ್ನೊಂದಕ್ಕೆ ಪಠ್ಯವನ್ನು ಸುಲಭವಾಗಿ ಬದಲಿಸಿಕೊಳ್ಳಬಹುದೆಂಬುದು ಅದರ ಹಿಂದಿನ ಉದ್ದೇಶ. ಆ ಅಚ್ಚಿನಲ್ಲಿ ಳಕಾರಕ್ಕೆ ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮೊದಲು ಸ್ಥಾನ ಸಿಕ್ಕಿತು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಬಂದಾಗ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳನ್ನು 1988ರ ಇಸ್ಕಿಯ ಕ್ರಮದಲ್ಲೇ ತುಂಬಿಕೊಂಡಿತು. ಹೀಗಾಗಿ ಅಕ್ಷರಗಳ ಸಂಕೇತ ಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ಯಾವುದೇ ತಂತ್ರಾಂಶ ಯ, ರ, ಲ, ಳ, ವ, ಶ ಎಂದೇ ಸಾಗುತ್ತದೆ. ನಮ್ಮ ನಿಘಂಟುಗಳಲ್ಲಿರುವ ಹಾಗೆ ಹಕಾರದ ನಂತರ ಳಕಾರ ಬರುವುದಿಲ್ಲ. ಯೂನಿಕೋಡ್‌ನವರನ್ನು ದೂರುವಂತಿಲ್ಲ, ಏಕೆಂದರೆ ಸಂಕೇತದ ಕ್ರಮವೇ ಬೇರೆ, ಅಕಾರಾದಿಯ ಕ್ರಮವೇ ಬೇರೆ ಎಂದು ಅವರೇ ಹೇಳುತ್ತಾರೆ ಮತ್ತು ಪ್ರತಿ ಭಾಷೆಯೂ ತನ್ನ ಕ್ರಮವನ್ನು ಪ್ರತ್ಯೇಕವಾಗಿ ನಿಗದಿಪಡಿಸಿಕೊಳ್ಳಲು ದಾರಿಯನ್ನೂ ಮಾಡಿಕೊಟ್ಟಿದ್ದಾರೆ. ಆ ಕ್ರಮವನ್ನು ಹಿಡಿದಿಡುವ ಜಾಗಕ್ಕೆ ತಂತ್ರಜ್ಞರು ಲೊಕೇಲ್ ಎನ್ನುತ್ತಾರೆ. ಈ ಪತ್ರ ಬರೆಯುತ್ತಿರುವುದು ಅದರ ಬಗ್ಗೆ.

ಕಂಪ್ಯೂಟರಿನಲ್ಲಿ ಕನ್ನಡ ಎಂದಾಗ ನಮ್ಮ ಚರ್ಚೆ ಫಾಂಟ್, ಕೀಲಿಮಣೆ ಮತ್ತು ಮೆನುಗಳ ಅನುವಾದದ ಆಚೆಗೆ ಹೋಗುವುದು ಅಪರೂಪ. ಮೆನು ಕನ್ನಡದಲ್ಲಿದ್ದರೆ ಸಂತೋಷವೇ. ಆದರೆ ದಿನವಿಡೀ ಕೆಲಸ ಮಾಡುವವನಿಗೆ ‘ಫೈಲ್’ ಎಂಬುದು ‘ಕಡತ’ವಾಗದಿದ್ದರೆ ನಷ್ಟವಿಲ್ಲ, ಹೆಸರುಗಳ ಕ್ರಮ, ದಿನಾಂಕ, ಹಣದ ಮೊತ್ತ, ಕಾಗದದ ಅಳತೆ ತಪ್ಪಿದರೆ ಮಾತ್ರ ನಷ್ಟ ಅವನೊಬ್ಬನಿಗಲ್ಲ, ಎದುರಿಗೆ ನಿಂತ ರೈತನಿಗೂ ಆಗುತ್ತದೆ. ಇವೆಲ್ಲವನ್ನೂ ಆಪರೇಟಿಂಗ್ ಸಿಸ್ಟಂ ಲೊಕೇಲ್‌ನಿಂದಲೇ ತಿಳಿದುಕೊಳ್ಳುತ್ತದೆ. ಲಿನಕ್ಸ್‌ನಲ್ಲಾಗಲಿ ವಿಂಡೋಸ್‌ನಲ್ಲಾಗಲಿ ಮೆನುವಿನ ಭಾಷೆ ಬೇರೆ, ಪ್ರಾದೇಶಿಕ ವಿನ್ಯಾಸ ಅಂದರೆ ಲೊಕೇಲ್ ಬೇರೆ. ಮೆನುವನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡು ದಿನಾಂಕ ಮತ್ತು ಹಣದ ರೂಢಿಯನ್ನು ಮಾತ್ರ ನಮ್ಮದಾಗಿಸಿಕೊಳ್ಳಬಹುದು. ಲಿನಕ್ಸ್ ಇದನ್ನು ಇನ್ನೂ ಬಿಡಿಸಿ, ಜೋಡಣೆಗೊಂದು, ದಿನಾಂಕಕ್ಕೊಂದು, ಅಂಕಿಗೊಂದು, ಹಣಕ್ಕೊಂದು, ಕಾಗದಕ್ಕೊಂದು ಎಂದು ಬೇರೆ ಬೇರೆ ಆಯ್ಕೆ ಕೊಡುತ್ತದೆ. ಯಂತ್ರ ತಂದು ಕೂರಿಸುವವರು ಇದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೊದಲ ಪರದೆಯಲ್ಲಿ ಅಮೆರಿಕದ ಇಂಗ್ಲಿಷ್ ಎಂದು ಬಂದದ್ದನ್ನು ಒತ್ತಿ, ಮುಂದೆ, ಮುಂದೆ ಎಂದು ಸಾಗಿ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ.

ಅದರ ಫಲ ನಮಗೆ ಬೇಗನೆ ಸಿಕ್ಕಿತು. ಸಾಲದ ಕಂತು ಕಟ್ಟಲು ಏಪ್ರಿಲ್ 5 ಕೊನೆಯ ದಿನವೆಂದು ನಾನು 05/04 ಎಂದು ಟೈಪ್ ಮಾಡಿದ್ದನ್ನು ಯಂತ್ರ ಮೇ 4 ಎಂದು ಗ್ರಹಿಸಿ, ತಿಳಿವಳಿಕೆ ಪತ್ರದಲ್ಲಿ ತಿಂಗಳ ಹೆಸರು ಬಿಡಿಸಿ ಬರೆದು ಮುದ್ರಿಸಿತು. ತಿಂಗಳ ಹದಿಮೂರನೇ ತಾರೀಕಿನಿಂದಾಚೆಗಿನ ದಿನಗಳಲ್ಲಿ ಇಂಥ ತಪ್ಪು ತಾನಾಗಿಯೇ ಬಯಲಾಗುತ್ತದೆ, ಹದಿಮೂರನೇ ತಿಂಗಳು ಇಲ್ಲವಲ್ಲ. ಮೊದಲ ಹನ್ನೆರಡು ದಿನಗಳಲ್ಲಿ ಮಾತ್ರ ಸದ್ದಿಲ್ಲದೆ ನುಸುಳುತ್ತದೆ. ಹನ್ನೆರಡೂವರೆ ಲಕ್ಷವನ್ನು 12,50,000 ಎಂದು ಬರೆಯುವ ಬದಲು 1,250,000 ಎಂದು ಅದು ಬರೆದಾಗ ನಿರ್ದೇಶಕರೊಬ್ಬರು ಅಲ್ಪವಿರಾಮಗಳನ್ನು ಬೆರಳಿಟ್ಟು ಎಣಿಸಿ, ಕೊನೆಗೆ ನನ್ನ ಮುಖ ನೋಡಿದರು. ಕಾಗದದ ಅಳತೆಯೂ ಅಮೆರಿಕದ್ದೇ ಆಗಿದ್ದರಿಂದ ಎ4 ಹಾಳೆಯಲ್ಲಿ ಅಂಚಿನ ಕಾಲಂ ಅರ್ಧ ಕತ್ತರಿಸಿ ಬರುತ್ತಿತ್ತು. ಪ್ರಿಂಟರ್ ಕೆಟ್ಟಿದೆಯೆಂದು ಎರಡು ಸಲ ರಿಪೇರಿಗೆ ಕಳಿಸಿದ್ದೆವು.

ಕನ್ನಡ ಲೊಕೇಲ್ ಆರಿಸಿಕೊಂಡರೆ ಎಲ್ಲ ಸರಿಹೋಗುತ್ತದೆಯೇ ಎಂದರೆ, ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಹನ್ನೆರಡು ಗಂಟೆಯ ಗಡಿಯಾರ ಇಟ್ಟುಕೊಂಡರೆ ಪೂರ್ವಾಹ್ನ, ಅಪರಾಹ್ನ ಎಂಬ ಎರಡು ಪದಗಳು ಬರುತ್ತವೆ. ಬೆಳಿಗ್ಗೆ ಹತ್ತು ಗಂಟೆಗೆ ಪೂರ್ವಾಹ್ನ ಎಂದರೆ ಸಂಕಲ್ಪ ಹೇಳಿಸುತ್ತಿರುವಂತಿದ್ದರೂ ಸಹಿಸಿಕೊಳ್ಳಬಹುದು. ರಾತ್ರಿ 9:40ಕ್ಕೆ ‘ಅಪರಾಹ್ನ 9:40’ ಎಂದು ಬರೆದರೆ ಯಾವ ಕನ್ನಡಿಗ ಒಪ್ಪುತ್ತಾನೆ? ಇಂಗ್ಲಿಷಿನ ದಿನಕ್ಕೆ ಎರಡೇ ಭಾಗ, ನಮ್ಮ ದಿನಕ್ಕೆ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕಾದರೂ ಬೇಕು. ವಿಚಿತ್ರವೆಂದರೆ ಈ ನಾಲ್ಕು ಪದಗಳೂ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ಲೊಕೇಲ್ ಮಾಹಿತಿ ಭಂಡಾರದಲ್ಲಿ ಈಗಾಗಲೇ ದಾಖಲಾಗಿವೆ. ಆಂಡ್ರಾಯ್ಡ್, ಆಪಲ್, ವಿಂಡೋಸ್ ಎಲ್ಲವೂ ಆ ಭಂಡಾರದಿಂದ ಮಾಹಿತಿ ಪಡೆಯುತ್ತವೆ. ಪದ ಉಗ್ರಾಣದಲ್ಲಿದೆ, ಬಡಿಸುವವರು ಎರಡೇ ಸೌಟು ಹಿಡಿದು ನಿಂತಿದ್ದಾರೆ.

ಇದಕ್ಕಿಂತ ಗಂಭೀರವಾದದ್ದು ಪ್ರಶ್ನಾರ್ಥಕ ಚಿಹ್ನೆಗಳ ಕಾಟ. ಕನ್ನಡ ಅಕ್ಷರ ಬರಬೇಕಾದಲ್ಲಿ ಕಂಪ್ಯೂಟರ್ ಮೂರು ಬಗೆಯ ಅಪಶಕುನ ತೋರಿಸುತ್ತದೆ. ಮೂರರ ಅರ್ಥವೂ ಬೇರೆ ಎಂಬುದು ಕಚೇರಿಗಳಲ್ಲಿ ಗೊತ್ತಿಲ್ಲದ ಕಾರಣ ಮದ್ದು ತಪ್ಪಾಗುತ್ತದೆ. ಖಾಲಿ ಚೌಕಗಳು ಕಂಡರೆ ಮಾಹಿತಿ ಸುರಕ್ಷಿತವಾಗಿದೆ, ಫಾಂಟ್ ಇಲ್ಲ ಎಂದರ್ಥ. ಫಾಂಟ್ ಹಾಕಿದರೆ ಸಾಕು. ಚುಕ್ಕಿಗಳಿಂದಾದ ಪುಟ್ಟ ವೃತ್ತಕ್ಕೆ ಒಂದು ಕೊಂಬೋ ದೀರ್ಘವೋ ತಗುಲಿಕೊಂಡಿದ್ದರೆ, ವ್ಯಂಜನವಿಲ್ಲದೆ ಸ್ವರಚಿಹ್ನೆಯನ್ನು ಟೈಪ್ ಮಾಡಲಾಗಿದೆ ಅಥವಾ ಕ್ರಮ ತಪ್ಪಿದೆ ಎಂದರ್ಥ; ಅಳಿಸಿ ಮತ್ತೆ ಬರೆದರಾಯಿತು. ಅಕ್ಷರಗಳೆಲ್ಲ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಂಡರೆ ಮಾತ್ರ ಕೈಯಲ್ಲಿದ್ದದ್ದು ಹೋಯಿತೆಂದೇ ತಿಳಿಯಬೇಕು. ಅಲ್ಲಿ ಕನ್ನಡ ಅಕ್ಷರ ಕಾಣದಿರುವುದಲ್ಲ, ಇಲ್ಲವೇ ಇಲ್ಲ. ಅದರ ಬದಲಿಗೆ ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ ಕಡತದಲ್ಲಿ ಉಳಿದಿರುತ್ತದೆ.

ಇದು ಏಕಾಗುತ್ತದೆಂಬುದಕ್ಕೆ ಹಳೆಯ ಕಾರಣವೊಂದಿದೆ. ಯೂನಿಕೋಡ್ ಬರುವ ಮುನ್ನ ಹಲವು ಭಾಷೆಗಳಿಗೆ 256 ಸ್ಥಾನಗಳ ಅಕ್ಷರಪಟ್ಟಿ, ಅಂದರೆ ಒಂದು ಸಂಕೇತ ಪುಟ ಇರುತ್ತಿತ್ತು. ವಿಂಡೋಸ್‌ನಲ್ಲಿ ರಷ್ಯನ್ ಭಾಷೆಗೆ 1251, ಥಾಯ್ ಭಾಷೆಗೆ 874 ಎಂಬ ಸಂಖ್ಯೆಯ ಪುಟಗಳಿವೆ. ಹಳೆಯ ಕಾಲದ ತಂತ್ರಾಂಶವನ್ನು ಇಂದಿನ ಯಂತ್ರದಲ್ಲಿ ಓಡಿಸಬೇಕಾದರೆ ಆ ದೇಶದವರು ಸಿಸ್ಟಂ ಲೊಕೇಲ್ ಎಂಬಲ್ಲಿ ತಮ್ಮ ಭಾಷೆ ಆರಿಸಿಕೊಂಡು ಪಾರಾಗುತ್ತಾರೆ. ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಫಾಂಟಿನ ಜೊತೆಗೆ. ಅಷ್ಟರಲ್ಲಿ ಯೂನಿಕೋಡ್ ನೆಲೆಯೂರಿತ್ತು. ಆದ್ದರಿಂದ ಕನ್ನಡಕ್ಕಾಗಲಿ, ಹಿಂದಿ, ತಮಿಳುಗಳಿಗಾಗಲಿ ಅಂಥ ಹಳೆಯ ಪುಟವನ್ನು ಕೊಡಲೇ ಇಲ್ಲ. ತತ್ತ್ವದಲ್ಲಿ ಅದು ಸರಿಯಾದ ನಿರ್ಧಾರವೇ ಇರಬಹುದು. ಆದರೆ ಯೂನಿಕೋಡ್ ಅರಿಯದ ಲೆಕ್ಕಪತ್ರದ ತಂತ್ರಾಂಶವೊಂದಕ್ಕೆ ಕನ್ನಡದ ಹೆಸರುಗಳನ್ನು ತುಂಬಿದರೆ, ಅದು ತನ್ನ ಪುಟದಲ್ಲಿಲ್ಲದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬರೆದುಕೊಂಡು ಸುಮ್ಮನಾಗುತ್ತದೆ. ಎಚ್ಚರಿಕೆಯ ಒಂದು ಮಾತನ್ನೂ ಆಡುವುದಿಲ್ಲ.

ನಮ್ಮಲ್ಲಿ ಆದದ್ದು ಅದೇ. ಒಬ್ಬ ಮಾರಾಟಗಾರರಿಂದ ಕೊಂಡ ತಂತ್ರಾಂಶಕ್ಕೆ ಒಂದು ಇಡೀ ಊರಿನ ಖಾತೆದಾರರ ಹೆಸರುಗಳನ್ನು ತುಂಬಿ, ಉಳಿಸಿ, ಮರುದಿನ ತೆರೆದಾಗ ಷೇರು ಸಂಖ್ಯೆಗಳೆಲ್ಲ ಸರಿಯಾಗಿದ್ದವು, ಹೆಸರಿನ ಕಾಲಂ ಮಾತ್ರ ಕುಡುಗೋಲುಗಳನ್ನು ನೇತುಹಾಕಿದಂತಿತ್ತು. ಫಾಂಟ್ ಹಾಕಿಸಿ ಎಂದರು, ಹಾಕಿಸಿದೆವು. ಪ್ರಶ್ನಾರ್ಥಕ ಚಿಹ್ನೆಗೆ ಎಷ್ಟು ಚೆಂದದ ಕನ್ನಡ ಫಾಂಟ್ ಹಾಕಿದರೂ ಅದು ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಉಳಿಯುತ್ತದೆ. ಎರಡು ವಾರ ಕೂತು ರಿಜಿಸ್ಟರ್ ನೋಡಿ ಮತ್ತೆ ಟೈಪ್ ಮಾಡಿದೆ. ನಾವು ಹಿಂದೆ ಬೈಯುತ್ತಿದ್ದ, ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬರೆದ ನಡಾವಳಿಗಳು ಇಂದಿಗೂ ನಮ್ಮ ಬಳಿ ಓದಲು ಬರುವ ಸ್ಥಿತಿಯಲ್ಲಿವೆ: ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೂ ಅದೇ ಫಾಂಟ್ ಆರಿಸಿದರೆ ಕನ್ನಡ ಮರಳಿ ಬರುತ್ತದೆ. ಹಳೆಯ ರೋಗಕ್ಕೆ ಮದ್ದಿತ್ತು, ಇದಕ್ಕಿಲ್ಲ.

ಹುಡುಕಾಟದ ತೊಂದರೆಯನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್‌ಕುಮಾರ್ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಜಕಾರಕ್ಕೆ ಕಕಾರ ಒತ್ತಾಗಿ ಬೀಳದಂತೆ ಬರೆಯುತ್ತಾರೆ. ಹಾಗೆ ಬರೆಯಲು ಎರಡು ಅಕ್ಷರಗಳ ನಡುವೆ ಅಗಲವಿಲ್ಲದ, ಕಣ್ಣಿಗೂ ಕಾಣದ ಒಂದು ಬೇಲಿ ಹಾಕಬೇಕಾಗುತ್ತದೆ. ಅದೂ ಯೂನಿಕೋಡ್‌ನಲ್ಲಿ ಒಂದು ಸಂಕೇತವೇ. ಅದನ್ನು ಹಾಕದಿದ್ದರೆ ರಾಜ್ಕುಮಾರ್ ಎಂದಾಗುತ್ತದೆ. ಅದೇ ರೀತಿ ರ‍್ಯಾಂಕ್ ಎಂದು ರಕಾರವನ್ನು ಪೂರ್ತಿ ಉಳಿಸಿ ಬರೆಯಲು ಕಾಣದ ಬೆಸುಗೆಯ ಇನ್ನೊಂದು ಸಂಕೇತ ಬೇಕು, ಇಲ್ಲವಾದರೆ ಅರ್ಕಾವತ್ತು ಬಂದು ರ್ಯಾಂಕ್ ಆಗುತ್ತದೆ. ನಮ್ಮ ಪಟ್ಟಿಯಲ್ಲಿ ಒಬ್ಬನೇ ರಾಜ್‌ಕುಮಾರ್ ಮೂರು ಸಲ ನಮೂದಾಗಿದ್ದರು: ಬೇಲಿ ಇದ್ದು ಒಮ್ಮೆ, ಒತ್ತಕ್ಷರವಾಗಿ ಒಮ್ಮೆ, ನಡುವೆ ಜಾಗ ಬಿಟ್ಟು ಒಮ್ಮೆ. ಒಂದು ರೂಪವನ್ನು ಹುಡುಕಿದರೆ ಉಳಿದೆರಡು ಸಿಗವು. ಒಬ್ಬರೇ ಸದಸ್ಯರ ಹೆಸರಿನಲ್ಲಿ ಎರಡು ಸಾಲದ ಖಾತೆ ತೆರೆದದ್ದು ಗೊತ್ತಾದದ್ದು ಲೆಕ್ಕ ಪರಿಶೋಧನೆಯಲ್ಲಿ.

ಇದಾದರೂ ಕಣ್ಣಿಗೆ ಸ್ವಲ್ಪ ವ್ಯತ್ಯಾಸ ಕಾಣುವ ಪ್ರಸಂಗ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ ಮತ್ತು ದೀರ್ಘಚಿಹ್ನೆ ಎಂದು ಮೂರು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಎರಡನ್ನೂ ಸಮಾನವೆಂದು ಪರಿಗಣಿಸಬೇಕೆಂದು ಯೂನಿಕೋಡ್ ವಿಧಿಸಿದೆ, ಆದರೆ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಶ್ರಮವನ್ನು ಎಲ್ಲ ತಂತ್ರಾಂಶಗಳೂ ತೆಗೆದುಕೊಳ್ಳುವುದಿಲ್ಲ. ಕಾಗುಣಿತವನ್ನು ಬಲ್ಲ ಮನುಷ್ಯ ಇಲ್ಲಿ ತಪ್ಪು ಹುಡುಕಿ ತೆಗೆಯಲು ಸಾಧ್ಯವೇ ಇಲ್ಲ, ಯಾಕೆಂದರೆ ಕಾಗುಣಿತದಲ್ಲಿ ತಪ್ಪಿಲ್ಲ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿ ಹೇಳುವ ಸೌಲಭ್ಯದ ವಿಷಯದಲ್ಲಿಯೂ ಒಂದು ಮಾತು ಸೇರಿಸಬೇಕು: ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಇಸ್ಪೀಕ್ ಎನ್‌ಜಿ ಧ್ವನಿಯ ನೆರವಿನಿಂದ ಕನ್ನಡ ಓದುತ್ತದೆ, ಧ್ವನಿ ಯಾಂತ್ರಿಕವಾಗಿದ್ದರೂ ಕೆಲಸ ನಡೆಯುತ್ತದೆ. ಅದನ್ನು ಹಾಕಿಸಿಟ್ಟ ಸರ್ಕಾರಿ ಕಂಪ್ಯೂಟರನ್ನು ನಾನಂತೂ ಕಂಡಿಲ್ಲ.

ಇವೆಲ್ಲ ಬಗೆಹರಿಯದ ಸಮಸ್ಯೆಗಳೇನಲ್ಲ. ರೂಪಾಯಿ ಚಿಹ್ನೆಯನ್ನು ನೆನಪಿಸಿಕೊಳ್ಳಿ. ಕೇಂದ್ರ ಸಚಿವ ಸಂಪುಟ ಅದನ್ನು ಒಪ್ಪಿದ್ದು 2010ರ ಜುಲೈ 15ರಂದು. ಅದೇ ವರ್ಷದ ಅಕ್ಟೋಬರಿನಲ್ಲಿ ಬಿಡುಗಡೆಯಾದ ಯೂನಿಕೋಡ್ 6.0ರಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಸರ್ಕಾರವೊಂದು ಬೇಕು ಎಂದು ಸ್ಪಷ್ಟವಾಗಿ ಕೇಳಿದ್ದರಿಂದ ಮೂರು ತಿಂಗಳಲ್ಲಿ ಆದ ಕೆಲಸವದು. ನಾನು ಮೇಲೆ ಹೇಳಿದ ಸಿಎಲ್‌ಡಿಆರ್ ಭಂಡಾರ ವರ್ಷಕ್ಕೆ ಎರಡು ಸಲ ಪರಿಷ್ಕಾರಗೊಳ್ಳುತ್ತದೆ. ತಿದ್ದುಪಡಿಗಳನ್ನು ಸೂಚಿಸಲು ಸ್ವಯಂಸೇವಕರಿಗೂ ಅವಕಾಶವಿದೆ, ಆದರೆ ಸಂಸ್ಥೆಯೊಂದರ ಪರವಾಗಿ ಬಂದ ಮತಕ್ಕೆ ತೂಕ ಹೆಚ್ಚು. ಇಂದು ಕನ್ನಡದ ಮಾಹಿತಿಯನ್ನು ನೋಡಿಕೊಳ್ಳುತ್ತಿರುವವರು ಕಂಪನಿಗಳ ನೌಕರರು ಮತ್ತು ರಾತ್ರಿ ಊಟವಾದ ಮೇಲೆ ಬಿಡುವು ಮಾಡಿಕೊಂಡು ಕೂರುವ ಉತ್ಸಾಹಿಗಳು. ಅವರಿಗೆ ನಾವು ಋಣಿಗಳು. ಆದರೆ ಳಕಾರ ಎಲ್ಲಿ ಬರಬೇಕು ಎಂಬುದನ್ನು ಉತ್ಸಾಹಿಯೊಬ್ಬನ ಬಿಡುವಿಗೆ ಬಿಟ್ಟುಕೊಡುವ ರಾಜ್ಯಕ್ಕೆ ಒಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರವಿದೆ, ಒಂದು ಕನ್ನಡ ವಿಶ್ವವಿದ್ಯಾಲಯವಿದೆ, ಇ-ಆಡಳಿತಕ್ಕೆಂದೇ ಒಂದು ಇಲಾಖೆಯಿದೆ. ಮೂರರ ನಡುವೆ ಸಂಬಳ ಕೊಟ್ಟು ಇಬ್ಬರನ್ನು ಈ ಕೆಲಸಕ್ಕೇ ನೇಮಿಸಿದರೆ ಖಜಾನೆ ಬರಿದಾಗದು.

ಈಗಲೇ ಬರೆಯಲು ಕಾರಣವಿದೆ. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ಕಚೇರಿಗಳು ಹಳೆಯ ಯಂತ್ರಗಳನ್ನು ಬದಲಿಸುವ ಯೋಚನೆಯಲ್ಲಿವೆ. ಇನ್ನೊಂದೆಡೆ, 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಇಷ್ಟೊಂದು ಯಂತ್ರಗಳನ್ನು ಕೊಳ್ಳುವಾಗ ಟೆಂಡರಿನಲ್ಲಿ ಮೆಮೊರಿ ಎಷ್ಟು, ಪರದೆ ಎಷ್ಟು ಇಂಚು ಎಂದು ಬರೆಯುವ ನಾವು, ಪ್ರಾದೇಶಿಕ ವಿನ್ಯಾಸ ಕನ್ನಡ–ಭಾರತ ಎಂದಿರಬೇಕು, ಕಾಗದ ಎ4 ಆಗಿರಬೇಕು, ತಂತ್ರಾಂಶ ಯೂನಿಕೋಡ್ ಅಲ್ಲದ ಕಡೆ ಒಂದು ಅಕ್ಷರವನ್ನೂ ಉಳಿಸಕೂಡದು, ಜೋಡಣೆ ನಿಘಂಟಿನ ಕ್ರಮದಲ್ಲಿರಬೇಕು ಎಂದು ನಾಲ್ಕು ಸಾಲು ಸೇರಿಸುವುದಕ್ಕೆ ಯಾವ ಅಡ್ಡಿಯಿದೆ? ಯೂನಿಕೋಡ್ ಬಳಸಬೇಕೆಂದು ರಾಜ್ಯ ಸರ್ಕಾರ ಆದೇಶಿಸಿ ವರ್ಷಗಳೇ ಸಂದಿವೆ. ಬಳಸಿದ್ದಾರೆಯೇ ಎಂದು ಪರೀಕ್ಷಿಸುವ ವಿಧಾನವನ್ನೂ ಆದೇಶದ ಜೊತೆಗೇ ಕೊಡಬೇಕಿತ್ತು.

ನಾನು ನನ್ನ ಮಟ್ಟಿಗೆ ಒಂದು ಹಾಳೆ ಸಿದ್ಧಮಾಡಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹದಿಮೂರು ಸಾಲುಗಳಿವೆ: ಕಾವೇರಮ್ಮ, ಕಾಶಿನಾಥ, ಕಾಳಮ್ಮ, ಕಿಟ್ಟಪ್ಪ, ಮೂರು ಬಗೆಯ ರಾಜ್‌ಕುಮಾರ್, ರ‍್ಯಾಂಕ್, ಎರಡು ಬಗೆಯ ಕೋ, 05/04 ಎಂಬ ದಿನಾಂಕ, ಹನ್ನೆರಡೂವರೆ ಲಕ್ಷ ರೂಪಾಯಿ, ರಾತ್ರಿ ಒಂಬತ್ತು ನಲವತ್ತು. ಯಂತ್ರವನ್ನೋ ತಂತ್ರಾಂಶವನ್ನೋ ಮಾರಲು ಬಂದವರಿಗೆ ಕಾಫಿ ಕೊಟ್ಟು, ಮೊದಲು ಇದನ್ನು ಟೈಪ್ ಮಾಡಿ, ಜೋಡಿಸಿ, ಉಳಿಸಿ, ಮುಚ್ಚಿ, ಮತ್ತೆ ತೆರೆದು ತೋರಿಸಿ ಎನ್ನುತ್ತೇನೆ. ಅರ್ಧ ಗಂಟೆಯ ಕೆಲಸ. ಕಳೆದ ಬಾರಿ ಬಂದ ಯುವಕ ಕಾಳಮ್ಮನವರ ತನಕ ಚೆನ್ನಾಗಿಯೇ ಬಂದು, ಅಲ್ಲಿ ನಿಂತು, ಹಾಳೆಯ ಫೋಟೊ ತೆಗೆದುಕೊಂಡು, ‘ಕಂಪನಿಯಲ್ಲಿ ಕೇಳಿ ಹೇಳ್ತೀನಿ ಸರ್’ ಎಂದು ಹೋಗಿದ್ದಾನೆ. ಈ ವರ್ಷದ ಮಹಾಸಭೆಯ ಪಟ್ಟಿಯಲ್ಲಿ ಳಕಾರದ ಹೆಸರುಗಳನ್ನು ಸದ್ಯಕ್ಕೆ ನಾನೇ ಒಂದೊಂದಾಗಿ ಎತ್ತಿ ಅವುಗಳ ಜಾಗಕ್ಕೆ ಇಡುತ್ತಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಸಹಕಾರ ಸಂಘವೊಂದರ ಲೆಕ್ಕಿಗ